ಹಗ್ಗದ ಗ್ರೀಸು

"ಇದನ್ನ ಹಚ್ಚಿದ್ದು ಯಾರು?"

ನಿಯೆವೆಸ್ ಸೈಕಲ್ಲನ್ನು ಹೆಗಲಿನಿಂದ ಇಳಿಸಿ ಅಂಗಳದ ಕಲ್ಲುಹಾಸಿನ ಮೇಲೆ ತಲೆಕೆಳಗಾಗಿ ನಿಲ್ಲಿಸಿದ್ದಳು. ಮೊಣಕಾಲಿನ ತನಕ ಕೆಸರು, ಹುಬ್ಬಿನ ಮೇಲೂ ಕೆಸರು. ಬೆನ್ನಿನ ಔಷಧದ ಚೀಲದ ಮೇಲಿದ್ದ ಕೆಂಪು ಶಿಲುಬೆ ಮಣ್ಣಿನಡಿ ಮುಚ್ಚಿಹೋಗಿತ್ತು. ಹ್ಯಾಂಡಲ್ಲಿನ ಗೇರನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದಳು. ಹಿಂದಿನ ಚಕ್ರದ ಪಕ್ಕದ, ಚೈನು ಸರಿಸುವ ತೋಳು ಅಲುಗಲಿಲ್ಲ. ಇನ್ನೊಮ್ಮೆ ಒತ್ತಿದಳು. ಮುದಿ ಎತ್ತು ಏಳಲು ನೋಡಿ ಅರ್ಧಕ್ಕೇ ಮತ್ತೆ ಕೂತಂತೆ, ಅದು ಒಂದಿಷ್ಟು ಸರಿದು ಸುಮ್ಮನಾಯಿತು.

ಎಲಾದಿಯೊ ಬಗ್ಗಿ ಗೇರಿನ ವೈರಿನ ಮೇಲೆ ಬೆರಳು ಎಳೆದ. ಕಪ್ಪು ಜಿಡ್ಡಿಗೆ ಹಳದಿ ಕೆಸರು ಕಲೆತು ಗಟ್ಟಿ ಕಣಕವಾಗಿತ್ತು. ಮೂಸಬೇಕಾದ ಅಗತ್ಯವೇ ಇರಲಿಲ್ಲ, ಆದರೂ ಮೂಸಿದ.

"ನಾನೇ ಮಗಳೇ. ಬುಧವಾರ ನೀನು ಒಳಗೆ ಸೆಲ್ಸಾಳ ಕಾಲಿಗೆ ಪಟ್ಟಿ ಕಟ್ತಿದ್ದೆಯಲ್ಲ, ಆಗ. ಹಗ್ಗದ ಗ್ರೀಸು. ಸಾಂತಾ ಒಲಾಯಾ ಗಣಿದು. ಇಪ್ಪತ್ತೆಂಟು ವರ್ಷ ನಾನೂರು ಮೀಟರ್ ಉಕ್ಕಿನ ಹಗ್ಗಕ್ಕೆ ಇದನ್ನೇ ತಿನ್ನಿಸಿದೀನಿ. ಒಂದು ಎಳೆ ತುಕ್ಕು ಹಿಡೀಲಿಲ್ಲ."

"ಹಗ್ಗಕ್ಕೆ ಸರಿ ಎಲಾದಿಯೊ. ಇದು ಕೊಳವೆಯೊಳಗೆ ಓಡೋ ತಂತಿ." ಅವಳು ಮೆಟ್ಟಿಲ ಮೇಲೆ ಕುಸಿದು ಕೂತು ನಕ್ಕಳು. ನಗು ಅರ್ಧದಲ್ಲೇ ಬೇರೆ ಏನೋ ಆಗತೊಡಗಿದ್ದನ್ನು ತಡೆದುಕೊಂಡಳು. "ದೊಡ್ಡ ತಿರುವಿನ ಹತ್ರ ಭಾರದ ಗೇರಲ್ಲೇ ಸಿಕ್ಕಿಹಾಕ್ಕೊಂಡ್ತು. ತುಳಿಯೋಕಾಗಲ್ಲ, ತಳ್ಳೋಣ ಅಂದ್ರೆ ಕಾಲು ಜಾರುತ್ತೆ. ಹೊತ್ಕೊಂಡೇ ಹೋದೆ. ಹೆನೆರೋಸಾಗೆ ಇಂಜೆಕ್ಷನ್ ಕೊಟ್ಟು ಬಂದೆ. ಉಳಿದ ಆರು ಮನೆಗೆ ಹೋಗೋಕೆ ಟೈಮ್ ಸಿಗ್ಲಿಲ್ಲ."

ಅಂದರೆ ಒಂದು ದಿನ ತಪ್ಪಿತು.

ಗಣಿ ಕಂಪನಿ ಎಂಬತ್ತು ವರ್ಷ ಆ ಬೆಟ್ಟದ ಹೊಟ್ಟೆಯಿಂದ ಕಲ್ಲಿದ್ದಲು ತೆಗೆದುಕೊಂಡು ಹೋಯಿತು, ಕಸವನ್ನು ಮಾತ್ರ ಕೊರ್ತೀನಾ ಊರಿನವರ ತಲೆಯ ಮೇಲೆ ಒಟ್ಟಿ ಹೋಯಿತು. ನವೆಂಬರಿನ ಮಳೆಗೆ ಆ ಕಸದ ಗುಡ್ಡ ಸರಿದು ರಸ್ತೆಯ ಮೇಲೆ ಬಿತ್ತು. ಅದನ್ನು ತೆಗೆಸಬೇಕಾದವರು ಯಾರೆಂದು ಮೂರು ಕಚೇರಿಗಳು ಮೂರು ತಿಂಗಳಿಂದ ಒಂದಕ್ಕೊಂದು ಕಾಗದ ಬರೆಯುತ್ತಿದ್ದವು. ಉಳಿದದ್ದು ಹಳೆಯ ಗಣಿಗರ ಕಾಲುದಾರಿ ಒಂದೇ. ನಿಯೆವೆಸ್ ಕುಸಿತದ ಆಚೆ ಕಾರು ಬಿಟ್ಟು, ಬೆಟ್ಟದ ಸೈಕಲ್ ಏರಿ, ಮೊದಲು ಕೊರ್ತೀನಾಕ್ಕೆ, ಅಲ್ಲಿಂದ ಮೇಲಕ್ಕೆ ಬ್ರಾನ್ಯಾದ ಏಳು ಮನೆಗಳಿಗೆ ವಾರಕ್ಕೆ ಮೂರು ದಿನ ಬರುತ್ತಿದ್ದಳು.

ಆರೋಗ್ಯ ಕಚೇರಿಯವರಿಗೆ ಅದೂ ಹೆಚ್ಚಾಗಿ ಕಂಡಿತು. ಫೆಬ್ರವರಿ ಮುಗಿಯುವ ತನಕ ಪರೀಕ್ಷೆ ಎಂದು ಬರೆದು ಕಳಿಸಿದರು. ಪ್ರತಿ ಸರದಿಯಲ್ಲೂ ಎಲ್ಲಾ ಮನೆಗಳ ಸಹಿ ಮಧ್ಯಾಹ್ನ ಎರಡರೊಳಗೆ ಕಚೇರಿ ಸೇರಬೇಕು. ಎರಡು ಸಲ ತಪ್ಪಿದರೆ ದಾರಿ ಸಂಚಾರಕ್ಕೆ ಯೋಗ್ಯವಲ್ಲವೆಂದು ತೀರ್ಮಾನ. ಕೊರ್ತೀನಾದ ಚಿಕಿತ್ಸಾ ಕೊಠಡಿ ಬಂದ್. ರೋಗಿಗಳು ನಗರದ ವೃದ್ಧಾಶ್ರಮಕ್ಕೆ. 'ಅವರದೇ ಹಿತದೃಷ್ಟಿಯಿಂದ' ಎಂಬ ಮಾತು ಆ ಕಾಗದದಲ್ಲಿ ಎರಡು ಕಡೆ ಇತ್ತು. ಪಟ್ಟಿಯಲ್ಲಿ ಮೊದಲ ಹೆಸರು ಎಲಾದಿಯೊನ ಹೆಂಡತಿ ಸೆಲ್ಸಾಳದು. ಸಕ್ಕರೆ ಕಾಯಿಲೆಯಿಂದ ಅವಳ ಎಡಗಾಲಿನ ಹುಣ್ಣು ಮಾಯುತ್ತಿರಲಿಲ್ಲ.

"ಅಂಗಡಿಯವನು ಹೊಸ ವೈರು, ಹೊಸ ಕವಚ ಕೊಟ್ಟಿದಾನೆ," ಎಂದು ನಿಯೆವೆಸ್ ಚೀಲದಿಂದ ಒಂದು ಸುರುಳಿ ತೆಗೆದಳು. "ಹಾಕೋದು ದೊಡ್ಡ ಕೆಲಸ ಅಲ್ಲ. ಆದ್ರೆ ನೋಡಿ, ಇಲ್ಲಿಂದ ಇಲ್ಲೀವರೆಗೆ ವೈರು ಬರಿಮೈ. ಕವಚ ತುಂಡುತುಂಡು. ಒಂದೊಂದು ತುಂಡಿನ ಬಾಯಿಂದಲೂ ಕೆಸರು ಒಳಗೆ ಹೋಗುತ್ತೆ. ಹೊಸದು ಹಾಕಿದ್ರೂ ಎರಡು ದಿನ." ಸ್ವಲ್ಪ ತಡೆದು, "ಫೆರ್ಮೀನ್‌ನ ಕೇಳಿದ್ರೆ ಹೇಗೆ? ಕೊನೇ ಮನೆಯವರು. ನನ್ನ ಟಾರ್ಚಿಗೆ ನೀರು ಹೋಗದ ಹಾಗೆ ಮಾಡಿಕೊಟ್ರಲ್ಲ..."

"ಮಗಳೇ," ಎಂದಿತು ಅಡುಗೆಮನೆಯ ಕಿಟಕಿ. ಒಳಗೆ ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದ ಸೆಲ್ಸಾಳ ಮುಖ ಕಾಣುತ್ತಿರಲಿಲ್ಲ. "ಆ ಹೆಸರು ಈ ಅಂಗಳದಲ್ಲಿ ಬೇಡ."

ನಿಯೆವೆಸ್ ಎಲಾದಿಯೊನನ್ನು ನೋಡಿದಳು. ಅವನು ಬೆರಳ ಜಿಡ್ಡನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ. ಅವಳು ಕಣಿವೆಯ ಕೆಳಗಿನ ಪಟ್ಟಣದವಳು, ಹುಟ್ಟಿದ್ದೇ ಗಣಿಯ ದೊಡ್ಡ ಮುಷ್ಕರ ಕಳೆದು ಐದು ವರ್ಷಕ್ಕೆ; ಅಂದಿನ ಜಗಳ ಅವಳಿಗೆ ತಿಳಿಯದು. ಸೈಕಲ್ಲನ್ನೂ ಸುರುಳಿಯನ್ನೂ ಅಲ್ಲೇ ಬಿಟ್ಟು, "ಸೋಮವಾರ ಎಂಟಕ್ಕೆ ಬರ್ತೀನಿ. ಆಗದಿದ್ರೆ ನಡೆದೇ ಹತ್ತೀನಿ, ಬಿಡಿ," ಎಂದು ಅರ್ಧ ಖಾಲಿ ಸಹಿ ಕಾಗದ ಹಿಡಿದು ಕಾಲುದಾರಿ ಇಳಿದಳು. ನಡೆದು ಹತ್ತಿದರೆ ಮಧ್ಯಾಹ್ನ ಎರಡರೊಳಗೆ ಮುಗಿಯುವುದಿಲ್ಲ. ಇಂದು ಹೊತ್ತುಕೊಂಡೇ ಹತ್ತಿದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಶನಿವಾರ ಬೆಳಿಗ್ಗೆ ಎಲಾದಿಯೊ ಸೈಕಲ್ಲನ್ನು ಕಣಜದ ಅಡಿಗೆ ಎಳೆದುಕೊಂಡ. ಕಂಬಗಳ ಮೇಲೆ ನಿಂತ ಆ ಮರದ ಕಣಜದ ಕೆಳಗೆ ಮಳೆ ತಾಗದು. ಹಳೆಯ ವೈರು ಕಿತ್ತು ಹೊಸದನ್ನು ಎಡಗೈಯಲ್ಲಿ ಹಿಡಿದು ಬಲಗೈಯ ಎರಡು ಬೆರಳುಗಳ ನಡುವೆ ಉದ್ದಕ್ಕೂ ಹರಿಸಿದ. ಬೆರಳುಗಳು ತಮ್ಮಷ್ಟಕ್ಕೆ ತಾವೇ ನಿಧಾನವಾದವು.

ಆ ನಿಧಾನವನ್ನು ಅವನು ಮರೆತಿರಲಿಲ್ಲ. ಬೆಳಗಿನ ಐದು ಗಂಟೆ. ಗಣಿಬಾವಿಯ ಬಾಯಿಯಿಂದ ಬರುವ ಬೆಚ್ಚನೆಯ ಗಾಳಿ. ಮೊದಲ ಪಾಳಿಯವರು ದೀಪ ಹಿಡಿದು ಸಾಲಾಗಿ ನಿಂತು ಕೆಮ್ಮುತ್ತಿರುವುದು. ಹಗ್ಗ ನೋಡುವವನು ಸರಿ ಎನ್ನುವ ತನಕ ಒಬ್ಬನೂ ಗಣಿಗೆ ಇಳಿಸುವ ಪಂಜರದೊಳಗೆ ಕಾಲಿಡುವಂತಿಲ್ಲ, ಎಂಜಿನಿಯರನೂ ಇಡುವಂತಿಲ್ಲ. ಖಾಲಿ ಪಂಜರ ಇರುವೆಯ ಹಾಗೆ ಇಳಿಯುತ್ತದೆ. ಎಲಾದಿಯೊ ಬಾವಿಯ ಕಟ್ಟೆಯ ಮೇಲೆ ನಿಂತು, ಹೆಬ್ಬೆರಳ ದಪ್ಪದ ಉಕ್ಕಿನ ಹಗ್ಗವನ್ನು ಒಂದು ಹಿಡಿ ಉಣ್ಣೆಯಿಂದ ಸುತ್ತಿ ಹಿಡಿಯುತ್ತಾನೆ. ನಾನೂರು ಮೀಟರ್ ಹಗ್ಗ ಉಣ್ಣೆಯೊಳಗಿಂದ ಹರಿದುಹೋಗುತ್ತದೆ. ಎಲ್ಲಾದರೂ ಒಂದು ಎಳೆ ಮುರಿದಿದ್ದರೆ ಅದು ಉಣ್ಣೆಯನ್ನು ಕಚ್ಚುತ್ತದೆ. ಕಣ್ಣಿಗೆ ಕಾಣದ್ದು ಉಣ್ಣೆಗೆ ಸಿಗುತ್ತದೆ. ಬೇರೆ ಗಣಿಗಳಲ್ಲಿ ಕಂಪನಿಯ ಚಿಂದಿ ಹಿಡಿಯುತ್ತಿದ್ದರು. ಎಲಾದಿಯೊ ಹಿಡಿಯುತ್ತಿದ್ದದ್ದು ಸೆಲ್ಸಾ ಕೈಯಾರೆ ಹಿಂಜಿದ ಬಿಳಿ ಉಣ್ಣೆ. "ನನ್ನ ಕುರಿ ನಿಮ್ಮನ್ನೆಲ್ಲ ಕಾಯ್ತಾ ಇದಾವೆ, ನಿಮ್ಮ ಸಂತರಲ್ಲ," ಎಂದು ಅವಳು ಹಬ್ಬದ ದಿನ ಪಾದ್ರಿಯ ಎದುರೇ ಅನ್ನುತ್ತಿದ್ದಳು.

ಸಾಲಿನಲ್ಲಿ ಮೊದಲು ನಿಲ್ಲುತ್ತಿದ್ದವನು ಫೆರ್ಮೀನ್. ಪಂಪಿನ, ಟೆಲಿಫೋನಿನ ತಂತಿಗಳ ಕೆಲಸದವನು. "ಬೇಗ ಸವರೋ ಮಾರಾಯ, ಹಗ್ಗವೋ ಹೆಂಡತಿಯೋ!" ಎಂದು ಅವನು ದಿನಾ ಕೂಗುವುದು, ಸಾಲು ದಿನಾ ಮೊದಲ ಸಲ ಕೇಳಿದಂತೆ ನಗುವುದು. ಎಲಾದಿಯೊನ ಮದುವೆಗೆ ಸಾಕ್ಷಿ ಹಾಕಿದವನು ಅವನೇ. ಭಾನುವಾರ ಸಿದ್ರಾ ಎಂಬ ಸೇಬಿನ ಮದ್ಯದ ಅಂಗಡಿಯಲ್ಲಿ ಗುಂಪಿಗೆಲ್ಲ ಒಂದೇ ಗ್ಲಾಸು. ತಲೆಯ ಮೇಲಿಂದ ಸುರಿದದ್ದನ್ನು ಒಬ್ಬ ಗುಟುಕರಿಸಿ, ಕೊನೆಯ ತೊಟ್ಟಿನಿಂದ ಅಂಚು ತೊಳೆದು ಚೆಲ್ಲಿ, ಮುಂದಿನವನಿಗೆ ಕೊಡಬೇಕು. ಎಲಾದಿಯೊನ ನಂತರ ಗ್ಲಾಸು ಫೆರ್ಮೀನನಿಗೆ. ಸಾವಿರದ ಒಂಬೈನೂರ ಅರವತ್ತೆರಡರ ಏಪ್ರಿಲ್‌ನ ಮುಷ್ಕರದ ತನಕ ಹಾಗೇ ಇತ್ತು. ಆಮೇಲೆ ಮೂವತ್ತನಾಲ್ಕು ವರ್ಷ ಆ ಊರಿನಲ್ಲಿ ಯಾರೂ ಫೆರ್ಮೀನನ ತುಟಿ ತಾಗಿದ ಗ್ಲಾಸನ್ನು ಮುಟ್ಟಲಿಲ್ಲ.

ಎಲಾದಿಯೊ ಹೊಸ ವೈರು ಕೂರಿಸಿದ. ಈ ಸಲ ಗ್ರೀಸು ಕಡಿಮೆ, ತೆಳ್ಳಗೆ. ಆಮೇಲೆ ದಾರಿಯ ಕೆಸರನ್ನೇ ಬಕೆಟ್ಟಿನಲ್ಲಿ ಕಲಸಿ ತಂದು, ಪೆಡಲು ತಿರುಗಿಸುತ್ತಾ ಸೈಕಲ್ಲಿನ ಮೇಲೆ ಹುಯ್ದ. ಮೊದಲ ಬಕೆಟ್ಟಿಗೆ ಗೇರು ಸರಾಗ ಬಿತ್ತು. ಎರಡನೆಯದಕ್ಕೂ ಬಿತ್ತು. ಐದನೆಯದಕ್ಕೆ ಬಿಗಿಯಾಯಿತು. ಎಂಟನೆಯದಕ್ಕೆ ನಿಂತಿತು. ಒರೆಸಿ ಮತ್ತೆ ಹಚ್ಚಿ ಮತ್ತೆ ಹುಯ್ದ. ಗ್ರೀಸಿಲ್ಲದೆ ಬರಿದೇ ಬಿಟ್ಟೂ ನೋಡಿದ; ಆಗ ಮರಳು ಕಿರ್ರೆಂದಿತು. ಮಧ್ಯಾಹ್ನದ ಹೊತ್ತಿಗೆ ಕಣಜದ ಅಡಿ ಹೊಂಡವಾಗಿತ್ತು. ಕಿಟಕಿಯಿಂದ ಸೆಲ್ಸಾ ಕೇಳಿದಳು:

"ಏನಯ್ಯಾ, ಭತ್ತ ನಾಟಿ ಮಾಡ್ತೀಯಾ?"

"ಆಗ್ತಾ ಇಲ್ಲ ಕಣೇ."

"ಆಗದಿದ್ರೆ ಆಗ್ಲಿಲ್ಲ. ವೃದ್ಧಾಶ್ರಮದಲ್ಲಿ ಟೀವಿ ಬಣ್ಣದ್ದಂತೆ." ಅವಳ ದನಿ ಎಷ್ಟು ಹಗುರವಾಗಿತ್ತೆಂದರೆ ಎಲಾದಿಯೊ ತಲೆ ಎತ್ತಲಿಲ್ಲ. ಅಲ್ಲಿಗೆ ಹೋದ ಕೊರ್ತೀನಾದವರು ಇಲ್ಲಿಯ ತನಕ ನಾಲ್ವರು. ನಾಲ್ವರೂ ವಾಪಸು ಬಂದದ್ದು ಊರಿನ ಸ್ಮಶಾನಕ್ಕೆ.

ಭಾನುವಾರ ಪ್ರಾರ್ಥನೆಯ ಗಂಟೆ ಹೊಡೆಯುವಾಗ, ಜನ ಬೀದಿಯಲ್ಲಿರದ ಹೊತ್ತು ನೋಡಿ, ಅವನು ಕೊನೆಯ ಮನೆಗೆ ಹೋದ.

ಕೊರ್ತೀನಾದಲ್ಲಿ ಶುಕ್ರವಾರ ಎಂದರೆ ಮನೆಗೊಬ್ಬರು ಗುದ್ದಲಿ ಹಿಡಿದು ದಾರಿ ರಿಪೇರಿಗೆ ಬರಬೇಕು. ಅಜ್ಜಂದಿರ ಕಾಲದ ಕಟ್ಟಳೆ. ಫೆರ್ಮೀನನನ್ನು ಮಾತ್ರ ಕರೆಯುತ್ತಿರಲಿಲ್ಲ. ಅವನು ಗುರುವಾರವೇ ಒಬ್ಬನೇ ಹೋಗಿ ತನ್ನ ಪಾಲಿನ ಮೋರಿ ಬಿಡಿಸಿ ಬರುತ್ತಿದ್ದ. ಎಂಥ ಮಳೆಗೂ ಆ ಇಪ್ಪತ್ತು ಮಾರು ದಾರಿಯಲ್ಲಿ ನೀರು ನಿಂತದ್ದಿಲ್ಲ. ಎಲ್ಲರೂ ಅದರ ಮೇಲೇ ನಡೆಯುತ್ತಿದ್ದರು. ಅದರ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ.

ಬಾಗಿಲು ತೆಗೆದೇ ಇತ್ತು. ಮೇಜಿನ ಮೇಲೆ ಹೊಟ್ಟೆ ಬಿಚ್ಚಿದ ರೇಡಿಯೊ. ಫೆರ್ಮೀನ್ ಕನ್ನಡಕದ ಮೇಲಿಂದ ನೋಡಿದ. ಕೂದಲು ಪೂರ್ತಿ ಹೋಗಿತ್ತು, ಕೈ ಮಾತ್ರ ಹಳೆಯ ಫೆರ್ಮೀನನದೇ.

"ಯಾರಾದ್ರೂ ಸತ್ರಾ?" ಎಂದ.

"ಇಲ್ಲ."

"ಹಂಗಾದ್ರೆ ದಾರಿ ತಪ್ಪಿ ಬಂದಿದೀಯ. ನಿಮ್ಮನೆ ಆ ಕಡೆ."

"ನರ್ಸಮ್ಮನ ಸೈಕಲ್ಲು," ಎಂದ ಎಲಾದಿಯೊ. ನಿಂತೇ ಎಲ್ಲ ಹೇಳಿದ: ಬರಿಮೈ ವೈರು, ತುಂಡು ಕವಚ, ಕೆಸರು, ಗ್ರೀಸು, ಎಂಟು ಬಕೆಟ್.

ಫೆರ್ಮೀನ್ ಕೇಳುತ್ತಾ ಕೇಳುತ್ತಾ ಸ್ಕ್ರೂಡ್ರೈವರ್ ಕೆಳಗಿಟ್ಟ. "ಹಗ್ಗದ ಗ್ರೀಸು! ಥೂ ನಿನ್ನ. ಹಗ್ಗ ಬಯಲಲ್ಲಿ ನೇತಾಡುತ್ತೆ ಕಣೋ, ಅದಕ್ಕೆ ನೀರು ಹೊರಗಿನ ಶತ್ರು. ಜಿಡ್ಡು ಹಚ್ಚಿದ್ರೆ ತಡೆಯುತ್ತೆ. ಇದಕ್ಕೆ ಶತ್ರು ಬಾಯಿಂದ ಒಳಗೆ ಬರ್ತಾನೆ. ನೀನು ಅವನಿಗೆ ಹಾಸಿಗೆ ಹಾಸಿಕೊಟ್ಟೆ." ಎದ್ದು ನಿಂತ. "ಗಣಿಯಲ್ಲಿ ಟೆಲಿಫೋನ್ ಪೆಟ್ಟಿಗೆಗೆ ತಂತಿ ಹೇಗೆ ಬಿಡ್ತಿದ್ದೆ ನಾನು? ನೆನಪಿದ್ಯಾ? ಮೇಲಿಂದ ನೇರ ಬಿಟ್ರೆ ನೀರು ಅದರ ಬೆನ್ನು ಹತ್ತಿ ಪೆಟ್ಟಿಗೆಯೊಳಗೇ ಬರ್ತಿತ್ತು. ಅದಕ್ಕೆ..."

"ಬಾಯಿಗಿಂತ ಹೊಟ್ಟೆ ಕೆಳಗೆ," ಎಂದ ಎಲಾದಿಯೊ. ಮೂವತ್ತನಾಲ್ಕು ವರ್ಷದ ಹಿಂದಿನ ಮಾತು ಬಾಯಿಗೆ ತಾನಾಗಿ ಬಂದಿತ್ತು.

ಫೆರ್ಮೀನ್ ಕನ್ನಡಕ ತೆಗೆದು ಒರೆಸಿಕೊಂಡ. ಅಂಗಳದಲ್ಲಿ ಕೋಳಿಯೊಂದು ಮೊಟ್ಟೆಯಿಟ್ಟ ಸುದ್ದಿಯನ್ನು ಊರಿಗೆಲ್ಲ ಸಾರುತ್ತಿತ್ತು.

"ಕವಚ ಉದ್ದಕ್ಕೂ ಒಂದೇ ಇರಬೇಕು. ನಡುವೆ ಬರಿಮೈ ಬೇಡ. ಬಾಯಿಗೆ ರಬ್ಬರು. ಎರಡು ಗಂಟೆ ಕೆಲಸ, ನನ್ನ ಕೈಗೆ. ನಿನ್ನ ಕೈಗಾದ್ರೆ ಎರಡು ವಾರ."

"ಬರ್ತೀಯಾ?"

"ಆ ಅಂಗಳಕ್ಕಾ? ಇಲ್ಲಪ್ಪ." ಅವನು ಮತ್ತೆ ಕೂತ. "ಸೈಕಲ್ ಇಲ್ಲಿಗೇ ತರ್ತೀನಿ ಅಂತೀಯೇನೋ. ಅದೂ ಬೇಡ. ಹಿತ್ತಲ ಬಾಗಿಲಿಂದ ಕೆಲಸ ಮಾಡಿಸ್ಕೊಂಡು ಹೋಗೋದು ಕಂಪನಿಯವರ ಬುದ್ಧಿ, ನಿನಗೆ ಯಾವಾಗ ಬಂತು? ನಿನ್ನ ಹೆಂಡತಿ ನನ್ನನ್ನ ಹೇಡಿ ಕೋಳಿ ಅಂತ ಹಂಗಿಸಿ ಬಾಗಿಲಿಗೆ ಮೆಕ್ಕೆಜೋಳ ಚೆಲ್ಲಿದ್ದು ಊರಿನ ಎದುರಿಗೆ, ನಡುಹಗಲಲ್ಲಿ. ಕರೆಯೋದಾದ್ರೆ ಅವಳೇ ಕರೀಲಿ. ಅದೂ ಊರಿನ ಎದುರಿಗೆ." ರೇಡಿಯೊ ಕಡೆ ತಿರುಗಿ, "ಜೋಳ ಚೆನ್ನಾಗಿತ್ತು ಅನ್ನು. ಅದಕ್ಕೇ ಅಂತ ನಾಲ್ಕು ಕೋಳಿ ತಂದೆ. ಆ ವರ್ಷ ಮೊಟ್ಟೆಯೋ ಮೊಟ್ಟೆ."

ಎಲಾದಿಯೊ ಹೊಸ್ತಿಲಲ್ಲೇ ನಿಂತ. ಕೊನೆಗೆ, "ನೀನು ಯಾರಿಗೂ ಹೇಳ್ಲಿಲ್ಲ," ಎಂದ.

"ಏನು?"

"ಗೊತ್ತು ನಿನಗೆ."

ಫೆರ್ಮೀನ್ ಸ್ಕ್ರೂಡ್ರೈವರ್ ಎತ್ತಿಕೊಂಡ. "ಹೇಳಿದ್ರೆ ಊರಿಗೆ ಹೇಡಿ ಕೋಳಿ ಎರಡಾಗ್ತಿದ್ವು. ಅಷ್ಟೇ. ಹೋಗು, ಬಾಗಿಲಲ್ಲಿ ನಿಂತು ಚಳಿ ಒಳಗೆ ಬಿಡಬೇಡ."

ಸೆಲ್ಸಾ ಒಪ್ಪಲಿಲ್ಲ. ಒಪ್ಪುವಳೆಂದು ಎಲಾದಿಯೊ ಅಂದುಕೊಂಡಿರಲೂ ಇಲ್ಲ.

"ಮುಷ್ಕರ ಮುರಿದವನ ಕೈಯಿಂದ ಉಳಿಯೋದಕ್ಕಿಂತ ಕಾಲು ಕೊಳೆತು ಹೋಗ್ಲಿ," ಎಂದಳು. ಕಲ್ಲಿದ್ದಲ ಒಲೆಯ ಮೇಲೆ ಹುರುಳಿಯ ಪಾತ್ರೆ ಕುದಿಯುತ್ತಿತ್ತು. ಅವಳು ಕೂತಲ್ಲಿಂದಲೇ ಸೌಟು ಚಾಚಿ ತಿರುವುತ್ತಿದ್ದಳು. "ನನ್ನ ತಮ್ಮನಿಗೆ ಠಾಣೆಯಲ್ಲಿ ಏನು ಮಾಡಿದ್ರು ಗೊತ್ತಲ್ಲ? ಬೂಟಿನಲ್ಲಿ ಬೆರಳು ತುಳಿದ್ರು, ಒಂದೊಂದಾಗಿ. ಆರು ವಾರ ಮನೇಲಿ ರೊಟ್ಟಿಗೆ ಹಿಟ್ಟಿಲ್ಲ. ಇಡೀ ಕಣಿವೆ ಬಾಯಿ ಮುಚ್ಕೊಂಡು ತಡ್ಕೊಂಡು ನಿಂತಿತ್ತು. ಆ ಮನುಷ್ಯ ಮಾತ್ರ ಇಬ್ಬರು ಪೊಲೀಸ್ ಗಾರ್ಡುಗಳ ನಡುವೆ ಮದುವಣಿಗನ ಹಾಗೆ ನಡ್ಕೊಂಡು ಹೋದ."

"ಪಂಪು ನಡೆಸೋಕೆ ಹೋದ. ನೀರು ಏರಿದ್ರೆ ಗಣಿಯೇ ಮುಳುಗ್ತಿತ್ತು. ವಾಪಸ್ ಹೋಗೋಕೆ ನಮಗೆ..."

"ಅದನ್ನ ನಾನೂ ಕೇಳಿದೀನಿ. ಮುಷ್ಕರದ ಕಮಿಟಿ ಹೇಳಿದ್ದೇನು? ಒಬ್ಬನೂ ಇಳಿಯಬಾರದು. ಒಬ್ಬನೂ ಅಂದ್ರೆ ಒಬ್ಬನೂ. ಕಂಪನಿಯ ಗಣಿ, ಕಂಪನಿಯೇ ನೀರೆತ್ತಲಿ ಅಂತ."

ಎಲಾದಿಯೊ ಕುರ್ಚಿ ಎಳೆದು ಅವಳ ಎದುರು ಕೂತ. ಸೌಟನ್ನು ಅವಳ ಕೈಯಿಂದ ತೆಗೆದು ಪಾತ್ರೆಯ ಮೇಲಿಟ್ಟ.

"ಹಗ್ಗ ಮೂರು ವಾರದಿಂದ ಯಾರೂ ನೋಡಿರಲಿಲ್ಲ ಸೆಲ್ಸಾ."

"ಹೂಂ?"

"ಅವನು ಇಳಿದ ದಿನ. ಕಂಪನಿಯವರು ಹೊರಗಿಂದ ಕರೆಸಿದ ಮೇಸ್ತ್ರಿಗೆ ಹಗ್ಗ ನೋಡೋದು ಗೊತ್ತಿರಲಿಲ್ಲ. ಸುಮ್ಮನೆ ಇಳಿಸ್ತಿದ್ದ. ಫೆರ್ಮೀನ್ ಇಳಿತಾನೆ ಅಂತ ಹಿಂದಿನ ದಿನವೇ ನನಗೆ ಗೊತ್ತಾಯ್ತು. ಬೆಳಗಾಗೋ ಮುಂಚೆ ದಿಮ್ಮಿ ಒಟ್ಟಿದ್ದ ಹಿತ್ತಲಿಂದ ಒಳಗೆ ಹೋದೆ. ನಿಧಾನ ಬಿಡು ಅಂದೆ ಮೇಸ್ತ್ರಿಗೆ. ಇಡೀ ಹಗ್ಗ ನೋಡಿದೆ. ಒಂದು ಕಡೆ ಎರಡು ಎಳೆ ಮುರಿದಿತ್ತು. ಆರಕ್ಕಿಂತ ಹೆಚ್ಚು ಮುರಿದ್ರೆ ಮಾತ್ರ ಅಪಾಯ. ಸರಿ ಇದೆ ಅಂದೆ, ಬಂದೆ." ಅವನು ಉಸಿರು ಎಳೆದುಕೊಂಡ, ಎದೆಯೊಳಗಿನ ಕಲ್ಲುಧೂಳು ಸೀಟಿ ಹೊಡೆಯಿತು. "ಆ ಮುರಿದ ಎಳೆಗೆ ಉಣ್ಣೆ ಸಿಕ್ಕೊಂಡಿತ್ತು, ಬಿಡಿಸಿಕೊಳ್ಳೋಕೆ ಹೊತ್ತಿರಲಿಲ್ಲ. ಬಿಳಿ ಉಣ್ಣೆ. ಇಡೀ ಗಣಿಯಲ್ಲಿ ಅದು ಯಾರದು ಅಂತ ಅವನಿಗೆ ಗೊತ್ತಾಗದೆ ಇರುತ್ತಾ?"

ಸೆಲ್ಸಾ ಅವನನ್ನು ನೋಡುತ್ತಲೇ ಇದ್ದಳು. ಹುರುಳಿ ಉಕ್ಕಿ ಒಲೆಯ ಮೇಲೆ ಚುಂಯ್ ಎಂದಿತು. ಇಬ್ಬರೂ ಎತ್ತಿಡಲಿಲ್ಲ.

"ಅಂದ್ರೆ ನೀನೂ," ಎಂದಳು.

"ನಾನೂ."

"ಅವನಿಗಿಂತ ಮೊದಲು."

"ಹೂಂ. ಅರ್ಧ ಗಂಟೆ ಮೊದಲು."

"ಆಮೇಲೆ ಮನೆಗೆ ಬಂದೆ. ನಾನು ಕೆಳಗೆ ಅಂಗಳದಲ್ಲಿ ನಿಂತಿದ್ದೆ. ಹೆನೆರೋಸಾ, ಇನ್ನೂ ನಾಲ್ಕು ಹೆಂಗಸರು ಇದ್ರು. ನಾನು ಏಪ್ರನ್ ಒಡ್ಡಿದೆ." ಅವಳು ಏಪ್ರನ್ನಿನ ಅಂಚನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು, ಈಗಲೂ ಅಲ್ಲಿ ಏನೋ ತುಂಬಬೇಕಾದಂತೆ. "ಕಣಜ ಹತ್ತಿ ಜೋಳ ಅಳೆದು ಇದರೊಳಗೆ ಸುರಿದವನು ಯಾರು?"

ಎಲಾದಿಯೊ ಸೌಟಿನ ಹಿಡಿಯನ್ನು ನೇರ ಮಾಡಿದ.

"ಹೇಳಯ್ಯಾ. ಯಾರು?"

"ನಾನು."

"ನೀನು ಹಗ್ಗ ನೋಡಿದ್ದಕ್ಕೆ ನನಗೆ ಸಿಟ್ಟಿಲ್ಲ. ನೋಡದೇ ಇದ್ದಿದ್ರೆ ಅವನು ಸಾಯ್ತಿದ್ನೋ ಏನೋ. ನೀನು ಗಂಡಸಾಗಿ ಒಂದು ಮಾತು ಹೇಳಿದ್ದಿದ್ರೆ, ನಾನು ನಿನ್ನ ಮುಖಕ್ಕೆ ಒಂದು ಹಿಡಿ ಎರಚಿ ಅಲ್ಲಿಗೆ ಮರೀತಿದ್ದೆ. ಮೂವತ್ತನಾಲ್ಕು ವರ್ಷ ನನ್ನ ಕೈಯಿಂದ ಅವನಿಗೆ ಕಲ್ಲು ಹೊಡೆಸಿದ್ಯಲ್ಲೋ!"

ಅವಳು ಮೇಜಿನ ಅಂಚು ಹಿಡಿದು ಎದ್ದಳು. ಎಲಾದಿಯೊ ತೋಳು ಕೊಡಲು ಬಂದ. ಕಣ್ಣಲ್ಲೇ ಅವನನ್ನು ಕೂರಿಸಿದಳು. ಕಾಲು ಎಳೆದುಕೊಂಡು, ಗೋಡೆ ಹಿಡಿದುಕೊಂಡು, ಬೀದಿಯ ಕಡೆಯ ಮರದ ಮೊಗಸಾಲೆಗೆ ಹೋದಳು. ಇಗರ್ಜಿಯಿಂದ ಜನ ಆಗತಾನೆ ಹೊರಗೆ ಬರುತ್ತಿದ್ದರು. ಮೊಗಸಾಲೆಯ ಕಂಬಿ ಹಿಡಿದು ನಿಂತು ಅವಳು ಕೂಗಿದಳು:

"ಫೆರ್ಮೀನ್!"

ಬೀದಿ ನಿಂತಿತು.

"ಫೆರ್ಮೀನ್! ಏ ಫೆರ್ಮೀನ್! ಕಿವಿ ಕೇಳಲ್ವಾ? ನಿನ್ನ ಸಾಮಾನು ತಗೊಂಡು ಬಾ! ನಮ್ಮನೇಲಿ ಕೆಲಸ ಇದೆ!"

ಒಂದು ಕೊಡೆ ಮುಚ್ಚಿಕೊಂಡಿತು. ಯಾರದೋ ಕೈಯ ಪ್ರಾರ್ಥನಾ ಪುಸ್ತಕ ಕೆಸರಿಗೆ ಬಿತ್ತು. ಕೊನೆಯ ಮನೆಯ ಬಾಗಿಲಲ್ಲಿ ಫೆರ್ಮೀನ್ ಕಾಣಿಸಿಕೊಂಡು, ಅಷ್ಟು ದೂರದಿಂದ ಬಹಳ ಹೊತ್ತು ಮೊಗಸಾಲೆಯನ್ನೇ ನೋಡಿದ. ಒಳಗೆ ಹೋದ. ಬರುವುದಿಲ್ಲವೆಂದೇ ಎಲ್ಲರೂ ತಿಳಿದರು. ಅವನು ಟೋಪಿ ಹಾಕಿಕೊಂಡು, ಕೈಯಲ್ಲಿ ತಗಡಿನ ಪೆಟ್ಟಿಗೆ ಹಿಡಿದು, ಬೀದಿಯ ಸರಿಯಾದ ನಡುಮಧ್ಯದಲ್ಲಿ ನಡೆದು ಬಂದ.

ಕಣಜದ ಅಡಿಯಲ್ಲಿ ಅವನು ಮೊದಲು ಸೈಕಲ್ಲಿಗೆ ಒಂದು ಸುತ್ತು ಬಂದ. ಎಲಾದಿಯೊ ಹಚ್ಚಿದ್ದ ಅಷ್ಟೂ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ತೊಳೆದ. ಬಟ್ಟೆ ಬೆಳ್ಳಗೇ ಉಳಿಯುವ ತನಕ ಬಿಡಲಿಲ್ಲ. ಹೊಸ ಕವಚವನ್ನು ತುಂಡರಿಸದೆ, ಹ್ಯಾಂಡಲ್ಲಿನಿಂದ ಹಿಂದಿನ ಚಕ್ರದ ತನಕ ಒಂದೇ ಉದ್ದಕ್ಕೆ ಎಳೆದು, ಚೌಕಟ್ಟಿನ ಕೆಳಮೈಗೆ ಕರಿಪಟ್ಟಿಯಿಂದ ಗೇಣಿಗೊಂದರಂತೆ ಕಟ್ಟಿದ.

"ಹಿಡಿ," ಎಂದ. 

"ಹಿಡಿದೆ."

"ಬಿಗಿ ಅಲ್ಲ. ಹ್ಯಾಂಡಲ್ ತಿರುಗಬೇಕಲ್ಲ, ಬುದ್ಧಿ ಇದ್ಯಾ?"

"ಇದ್ದಿದ್ರೆ ನಿನ್ನ ಕರೀತಿರಲಿಲ್ಲ."

"ನೀನೆಲ್ಲಿ ಕರೆದೆ," ಎಂದ ಫೆರ್ಮೀನ್.

ಹಿಂದಿನ ಚಕ್ರದ ಬಳಿ ಕವಚ ಬಾಯಿ ತೆರೆಯುವಲ್ಲಿ ಅವನು ಅದನ್ನು ಬಾಯಿಗಿಂತ ಎರಡು ಬೆರಳು ಕೆಳಗೆ ಇಳಿಬಿಟ್ಟು ಆಮೇಲೆ ಮೇಲಕ್ಕೆ ತಿರುಗಿಸಿದ. ಹೊರಮೈಯಲ್ಲಿ ಹರಿದು ಬರುವ ನೀರು ಅಲ್ಲೇ ತೊಟ್ಟಿಕ್ಕಬೇಕು, ಏರಿ ಬಾಯಿಗೆ ಹೋಗಬಾರದು. ಬಾಯಿಗೆ ತೊಡಿಸಲು ರಬ್ಬರು ಹುಡುಕುತ್ತಾ ಪೆಟ್ಟಿಗೆ ಕೆದಕಿದ. ಅವನಲ್ಲಿದ್ದದ್ದೆಲ್ಲ ಗಣಿಯ ಕಾಲದ್ದು, ಮುಟ್ಟಿದರೆ ಪುಡಿಯಾಗುವಂಥದ್ದು.

ಚಿಕಿತ್ಸಾ ಕೊಠಡಿಯ ಬೀಗದ ಕೈ ಇರುತ್ತಿದ್ದದ್ದು ಸೆಲ್ಸಾಳ ಹತ್ತಿರ. ಅವಳು ಯಾವಾಗ ಹೋಗಿ ಬಂದಳೋ. ಡ್ರಿಪ್ಪಿನ ಒಂದು ಗೇಣು ರಬ್ಬರ್ ನಳಿಗೆ ಫೆರ್ಮೀನನ ಮೂಗಿನ ಮುಂದೆ ಬಂತು. ಅವನು ಅದನ್ನೂ, ಅದನ್ನು ಹಿಡಿದಿದ್ದ ಕೈಯನ್ನೂ ನೋಡಿದ.

"ಕುಡಿಯೋಕೆ ಏನಾದ್ರೂ ಬೇಕಾ?" ಎಂದಳು.

"ಕೆಲಸ ಮುಗೀಲಿ."

"ಫೆರ್ಮೀನ್, ನಾನು..."

"ಕೆಲಸ ಮುಗೀಲಿ ಅಂದೆನಲ್ಲ ಸೆಲ್ಸಾ. ಆ ಕತ್ತರಿ ಕೊಡು."

ನಳಿಗೆಯನ್ನು ಉಗುರಿನಷ್ಟು ಕತ್ತರಿಸಿ ಕವಚದ ಬಾಯಿಗೆ ತೊಡಿಸಿದ. ವೈರು ಅದರ ಸಣ್ಣ ತೂತಿನಿಂದ ಬಿಗಿಯಾಗಿ, ಆದರೆ ತಡೆಯಿಲ್ಲದೆ ಹೊರಬಂತು. ಹೊಲಿಗೆ ಮಿಷನ್ನಿನ ತೆಳು ಎಣ್ಣೆ ಅಲ್ಲಿಗೊಂದೇ ಹನಿ. ಆಮೇಲೆ ದೂರ ಸರಿದು, "ಹುಯ್ಯಿ," ಎಂದ.

ಎಲಾದಿಯೊ ಕೆಸರು ಹುಯ್ದ. ಎಂಟು ಬಕೆಟ್, ಹತ್ತು, ಹದಿನೈದು. ಬೇಲಿಯಾಚೆ ಜನ ನಿಂತಿದ್ದರು. ಯಾರೂ ಒಳಗೆ ಬರಲಿಲ್ಲ, ಹೋಗಲೂ ಇಲ್ಲ. ಹದಿನಾರನೆಯ ಬಕೆಟ್ಟಿಗೆ ಎಲಾದಿಯೊನಿಗೆ ಉಸಿರು ಸಾಲದಾಯಿತು. ಫೆರ್ಮೀನ್ ಒತ್ತಿದ. ಟಕ್ಕೆಂದು ಚೈನು ಚಿಕ್ಕ ಹಲ್ಲುಚಕ್ರದಿಂದ ದೊಡ್ಡ ಹಲ್ಲುಚಕ್ರಕ್ಕೆ ಏರಿತು. ಮತ್ತೆ ಒತ್ತಿದ. ಟಕ್.

ಸೋಮವಾರ ಎಂಟಕ್ಕೆ ಜೋರು ಮಳೆ. ನಿಯೆವೆಸ್ ಕುಸಿತದಿಂದ ನಡೆದು ಬಂದವಳು ಮೊದಲು ಸೆಲ್ಸಾಳ ಕಾಲಿನ ಪಟ್ಟಿ ಬಿಚ್ಚಿದಳು, ತೊಳೆದಳು, ಕಟ್ಟಿದಳು. ನಿನ್ನೆ ಓಡಾಡಿದ್ದಕ್ಕೆ ಬೈದಳು. ಆಮೇಲೆ ಕಣಜದ ಅಡಿಗೆ ಹೋಗಿ ಗೇರು ಒತ್ತಿ ನೋಡಿದಳು, ಮತ್ತೆ ಮತ್ತೆ, ಗಿಲಕಿ ಸಿಕ್ಕ ಮಗುವಿನ ಹಾಗೆ.

"ಇದು ನನ್ನ ಸೈಕಲ್ಲೇನಾ? ಯಾರು ಮಾಡಿದ್ದು?"

"ಫೆರ್ಮೀನ್," ಎಂದಳು ಸೆಲ್ಸಾ. ಕೋಲೂರಿಕೊಂಡು ಬಾಗಿಲಿಗೆ ಬಂದಿದ್ದಳು. ನಿನ್ನೆ ಮಧ್ಯಾಹ್ನದಿಂದ ಅವಳು ಗಂಡನ ಜೊತೆ ಒಂದೇ ಒಂದು ಮಾತಾಡಿರಲಿಲ್ಲ. "ಕೇಳು ಮಗಳೇ. ಮೇಲೆ ಹೆನೆರೋಸಾಗೆ ಒಂದು ಸುದ್ದಿ ಹೇಳಬೇಕು. ಅವಳಿಗೆ ಹೇಳಿದ್ರೆ ಏಳು ಮನೆಗೂ ಹೇಳಿದ ಹಾಗೆ. ಅರವತ್ತೆರಡರಲ್ಲಿ ಫೆರ್ಮೀನ್ ಇಳಿದ ದಿನ ಹಗ್ಗ ನೋಡಿದವನು ನನ್ನ ಗಂಡ ಅಂತ ಹೇಳು. ಜೋಳ ಅಳೆದು ಕೊಟ್ಟವನೂ ಅವನೇ ಅಂತ ಹೇಳು. ಅವಳೂ ನನ್ನ ಜೊತೆ ಚೆಲ್ಲಿದವಳು, ಅವಳಿಗೆ ಗೊತ್ತಿರಬೇಕು. ನಾನು ಹತ್ತಿ ಹೋಗಿ ಹೇಳೋ ಹಾಗಿಲ್ಲ, ಕಾಲಿಲ್ಲ. ನೀನೇ ಹೇಳು."

ನಿಯೆವೆಸ್‌ಗೆ ಪೂರ್ತಿ ಅರ್ಥವಾಗಲಿಲ್ಲ. ಆದರೆ ಇದು ಹುಡುಗಾಟದ ಸುದ್ದಿಯಲ್ಲವೆಂದು ತಿಳಿಯಿತು. ಅವಳು ಎಲಾದಿಯೊನ ಕಡೆ ತಿರುಗಿದಳು. ಅವನು ಹ್ಯಾಂಡಲ್ ಹಿಡಿದು ಸೈಕಲ್ಲನ್ನು ನೇರ ನಿಲ್ಲಿಸಿಕೊಂಡಿದ್ದ. ಮಳೆಯ ನೀರು ಅವನ ಟೋಪಿಯ ಅಂಚಿನಿಂದ ಸುರಿಯುತ್ತಿತ್ತು.

"ಹೇಳ್ಲಾ?" ಎಂದಳು.

ಎಲಾದಿಯೊ ಸೈಕಲ್ಲನ್ನು ಅವಳ ಕೈಗೆ ಕೊಟ್ಟ.

"ಹೇಳು. ಎರಡರೊಳಗೆ ಸಹಿ ಕಚೇರಿ ಸೇರಬೇಕು, ಹೊರಡು."

ಅವಳು ಏರಿ ಕೂತು ತುಳಿದಳು. ಫೆರ್ಮೀನನ ಮೋರಿ ದಾಟಿ, ದಾರಿ ಬೆಟ್ಟಕ್ಕೆ ಹತ್ತುವಲ್ಲಿ ಚಕ್ರಗಳು ಕೆಸರಿಗೆ ಇಳಿದವು. ಎಲಾದಿಯೊ ಬೇಲಿಯ ತನಕ ಹೋಗಿ ನಿಂತ. ಮಳೆಯ ಸದ್ದಿನೊಳಗಿಂದ ಗೇರಿನ ಸದ್ದು ಸಣ್ಣದಾಗಿ, ಸ್ಪಷ್ಟವಾಗಿ ಬಂತು. ಏರು ಹೆಚ್ಚಾದಂತೆ ಇನ್ನೊಂದು. ದೊಡ್ಡ ತಿರುವಿನಲ್ಲಿ ಅವಳು ಇಳಿಯಲಿಲ್ಲ. ಹಳದಿ ರೈನ್‌ಕೋಟು ಹಸಿರು ಜರಿಗಿಡಗಳ ನಡುವೆ ಒಮ್ಮೆ ಮರೆಯಾಗಿ, ಮೇಲಿನ ಹಾದಿಯಲ್ಲಿ ಮತ್ತೆ ಕಾಣಿಸಿಕೊಂಡಿತು. ಬ್ರಾನ್ಯಾದ ಏಳೂ ಮನೆಗಳ ಹೊಗೆ ಮಳೆಗೆ ಬಗ್ಗಿ ಮಾಡಿನ ಮೇಲೇ ಹರಡಿಕೊಂಡಿತ್ತು. ಅವನು ಅಲ್ಲೇ ನಿಂತು ನೋಡುತ್ತಿದ್ದ ಹಾಗೆ, ಮೊದಲಿಗೆ ಸಿಗುವ ಹೆನೆರೋಸಾಳ ಮನೆಯ ಬಾಗಿಲು ತೆರೆದುಕೊಂಡಿತು. ಯಾರೋ ಹೊಸ್ತಿಲಿಗೆ ಬಂದು, ಒಳಗೆ ಬಾ ಎಂಬಂತೆ ಕೈ ಬೀಸಿದರು.